ಐವತ್ತು ಚಿಟಿಕೆ ಕೊಸರು

ಅರಸೀಕೆರೆಯ ಹಿರಿಯಣ್ಣನವರ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಎಂದೂ ಸಮನಾಗಿ ನಿಂತದ್ದಿಲ್ಲ. ಗಿರಾಕಿಯ ತಟ್ಟೆ ಕೂದಲೆಳೆಯಷ್ಟಾದರೂ ಕೆಳಗಿರಬೇಕು. ಅದಾದ ಮೇಲೂ ಪೊಟ್ಟಣ ಕಟ್ಟುವ ಮುನ್ನ ಮೂರು ಬೆರಳಿನಲ್ಲಿ ಒಂದು ಚಿಟಿಕೆ ಮೇಲೆ ಬೀಳಬೇಕು. ಅದು ಕೊಸರು. ಕೇಳಿದವರಿಗೂ ಸಿಗುತ್ತಿತ್ತು, ಕೇಳದವರಿಗೂ ಸಿಗುತ್ತಿತ್ತು. ನಲವತ್ತೊಂದು ವರ್ಷ ಕೊಟ್ಟೂ ಕೊಟ್ಟೂ ಆ ಕೈಗೆ ಅದು ಉಸಿರಾಡುವಷ್ಟೇ ಸಲೀಸಾಗಿಬಿಟ್ಟಿತ್ತು. ಅಳತೆಗೆ ಸರಿಯಾಗಿ ಕೊಡುವವನು ವ್ಯಾಪಾರಿ, ಅಳತೆಯ ಮೇಲೆ ಒಂದು ಚಿಟಿಕೆ ಹಾಕುವವನು ಮನುಷ್ಯ ಎಂದು ಅವರು ಯಾರಿಗೆ ಬೇಕಾದರೂ ಬಿಟ್ಟಿ ಉಪದೇಶ ಮಾಡುತ್ತಿದ್ದರು. ಅದನ್ನು ಕೇಳಿಸಿಕೊಳ್ಳುವುದೂ ಗಿರಾಕಿಗಳಿಗೆ ಒಂದು ಬಗೆಯ ಕೊಸರೇ ಆಗಿತ್ತು.

ಇಂಥ ಧಾರಾಳಿ ಒಬ್ಬನಿಗೆ ಮಾತ್ರ ತೂಕದಲ್ಲಿ ಕಡಿಮೆ ಮಾಡಿದ್ದರು. ಅವನು ಅವರ ಒಬ್ಬನೇ ಅಳಿಯ ಸುಧನ್ವ.

ಮೆಲ್ಬರ್ನ್‌ಗೆ ಓದಲು ಹೋದ ಮಗಳು ಗಾನವಿ, ಜೊತೆಯಲ್ಲಿ ಓದುತ್ತಿದ್ದ ಮಂಡ್ಯದ ಹುಡುಗನನ್ನು ಮೆಚ್ಚಿದ್ದಳು. ಜಾತಿ ಬೇರೆ. ಹಿರಿಯಣ್ಣ ಕೂಗಾಡಲಿಲ್ಲ, ಶಾಪ ಹಾಕಲಿಲ್ಲ, ಸುಮ್ಮನಾದರು. ಅವರ ಸುಮ್ಮನಿರುವಿಕೆಗಿಂತ ಕೂಗಾಟವೇ ವಾಸಿ ಎಂದು ಹೆಂಡತಿ ಲಕ್ಷ್ಮಮ್ಮ ಹೇಳುವುದುಂಟು. ಹುಡುಗ ಹುಡುಗಿ ಇಬ್ಬರೂ ರಜೆ ಹಾಕಿ ಬಂದು, ಹಾಸನದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇಂಥ ದಿನ ಇಷ್ಟು ಗಂಟೆಗೆ ಮದುವೆ ಎಂದು ತಿಳಿಸಿದರು. ಹಾಸನ ಒಂದು ಗಂಟೆಯ ದಾರಿ. ಲಕ್ಷ್ಮಮ್ಮ ಒಬ್ಬರೇ ಬಸ್ಸು ಹತ್ತಿದರು. ಹಿರಿಯಣ್ಣ ಅಂಗಡಿ ತೆರೆದು ಬೆಳಗಿನಿಂದ ಸಂಜೆಯವರೆಗೆ ಹುರಿಗಡಲೆ ತೂಗಿದರು. ಸಂಜೆ ವಾಪಸು ಬಂದ ಲಕ್ಷ್ಮಮ್ಮ ಏನನ್ನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಹೀಗೇ ಆರು ವರ್ಷ ಹೋಯಿತು.

ಮೊಮ್ಮಗಳು ಪ್ರಣತಿಗೆ ಮೂರು ತುಂಬಿದಾಗ ಲಕ್ಷ್ಮಮ್ಮ ಪಾಸ್‌ಪೋರ್ಟ್ ಮಾಡಿಸಿಕೊಂಡು, "ನಾನು ಹೋಯ್ತೀನಿ. ನೀವು ಹುರಿಗಡ್ಲೆ ತೂಗ್ಕೊಂಡು ಬಿದ್ದಿರಿ" ಎಂದರು. ಹಿರಿಯಣ್ಣ ಮರುದಿನವೇ ಫೋಟೊ ತೆಗೆಸಲು ಹೋದರು.

ಹಾಗೆ ಬಂದು ಸೇರಿದ್ದು ಮೆಲ್ಬರ್ನ್‌ನ ಉತ್ತರಕ್ಕಿರುವ ಕ್ರೇಗಿಬರ್ನ್‌ಗೆ. ಮಗಳ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಅಳಿಯ ಮಾತು ಕಡಿಮೆ, ಮರ್ಯಾದೆ ಹೆಚ್ಚು. ದಿನಕ್ಕೆ ಮೂರು ಪ್ರಶ್ನೆ ಕೇಳುತ್ತಿದ್ದ: ಊಟ ಆಯ್ತಾ ಮಾವ, ಚಳಿ ಆಗ್ತಿದೆಯಾ, ಹೀಟರ್ ಹಾಕ್ಲಾ. ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಿದ್ದ. ಹಿರಿಯಣ್ಣನಿಗೆ ಆ ಮರ್ಯಾದೆಯೇ ಚುಚ್ಚುತ್ತಿತ್ತು. ಒಂದು ಸಲವಾದರೂ ಈ ಹುಡುಗ 'ಆವತ್ತು ಯಾಕೆ ಬರಲಿಲ್ಲ' ಎಂದು ಜಗಳ ತೆಗೆಯಬಾರದೇ? ಊರಿಗೆ ಹಿಂದಿರುಗುವ ಮುನ್ನ ಇವನ ಮನಸ್ಸಿನಲ್ಲಿ ತನ್ನ ಬಗ್ಗೆ ಇರುವ ಆ ಕೊರತೆಯನ್ನು ತುಂಬಿಬಿಡಬೇಕು ಎಂಬುದೊಂದೇ ಅವರ ಆಸೆ. ಬಾಯಿಬಿಟ್ಟು ತಪ್ಪಾಯಿತು ಎಂದರೆ ಮುಗಿಯುತ್ತಿತ್ತು. ಆದರೆ ನಲವತ್ತೊಂದು ವರ್ಷ ಗಲ್ಲಾದ ಹಿಂದೆ ಕೂತವರಿಗೆ ಆ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. ಚಿಲ್ಲರೆ ತಪ್ಪಿದರೂ 'ಎಣಿಸಿ ನೋಡಿ' ಅನ್ನುವ ಜಾತಿ ಅದು.

ಮೂರನೇ ವಾರ ಗ್ಯಾರೇಜಿನ ಬಾಗಿಲು ತೆರೆಯಿತು.

ಸುಧನ್ವನಿಗೆ ಬಂದೂಕಿನ ಹುಚ್ಚಿತ್ತು. ವಿದ್ಯಾರ್ಥಿಯಾಗಿದ್ದಾಗ ಬಾಡಿಗೆಗಿದ್ದ ಮನೆಯ ಯಜಮಾನ ಕೆವಿನ್ ಎಂಬ ಮುದುಕ ಅವನನ್ನು ಗುರಿ ಹೊಡೆಯುವ ಕ್ಲಬ್ಬಿಗೆ ಕರೆದುಕೊಂಡು ಹೋಗಿ, ಲೈಸೆನ್ಸ್ ಮಾಡಿಸಿ, ಸಾಯುವ ಮುಂಚೆ ತನ್ನ ಹಳೆಯ ರೈಫಲನ್ನು ಅವನ ಹೆಸರಿಗೆ ಬರೆದಿಟ್ಟು ಹೋಗಿದ್ದ. ನೂರಿಪ್ಪತ್ತು ವರ್ಷದ ಒಂಟಿ ಗುಂಡಿನ ದಪ್ಪ ನಳಿಗೆಯ ಕೋವಿ. ಅದಕ್ಕೆ ಹೆಬ್ಬೆರಳಿನ ಗಾತ್ರದ ಕಾಡತೂಸು ಬೇಕು, ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಸುಧನ್ವ ಒಂದೊಂದನ್ನೂ ಕೈಯಾರೆ ಕಟ್ಟುತ್ತಿದ್ದ. ಹಾರಿಸಿದ ಹಿತ್ತಾಳೆಯ ಕೊಳವೆಯನ್ನು ತೊಳೆದು, ಅಚ್ಚಿಗೆ ಒತ್ತಿ ಮತ್ತೆ ಅಳತೆಗೆ ತಂದು, ತಳಕ್ಕೆ ಕಿಡಿ ಹೊತ್ತಿಸುವ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ತಾನೇ ಎರಕ ಹೊಯ್ದ ಸೀಸದ ಗುಂಡನ್ನು ಬಾಯಿಗೆ ಒತ್ತಿ ಕೂರಿಸುವುದು. ಎಲ್ಲವೂ ಲೈಸೆನ್ಸಿನ ಕೆಲಸ. ಮದ್ದು ಒಂದು ಬೀಗದಲ್ಲಿ, ಕೋವಿ ಇನ್ನೊಂದು ಬೀಗದಲ್ಲಿ. ಲೈಸೆನ್ಸ್ ಇಲ್ಲದವರು ಯಾವುದನ್ನೂ ಮುಟ್ಟುವಂತಿಲ್ಲ.

"ನೋಡ್ಬೋದಾ?" ಎಂದು ಹಿರಿಯಣ್ಣ ಬಾಗಿಲಲ್ಲಿ ನಿಂತು ಕೇಳಿದರು.

"ನೋಡ್ಬೋದು ಮಾವ. ಮುಟ್ಬೇಡಿ ಅಷ್ಟೆ. ಮದ್ದು ಹಾಕೋವಾಗ ಮಾತೂ ಆಡ್ಬೇಡಿ, ಲೆಕ್ಕ ತಪ್ಪತ್ತೆ" ಎಂದು ಸುಧನ್ವ ಒಂದು ಸ್ಟೂಲು ಎಳೆದು ಹಾಕಿದ.

ಹಿರಿಯಣ್ಣ ಕೂತರು. ಮೇಜಿನ ಮೇಲೆ ಕಂಡದ್ದೇನು? ಅಂಗೈಯಗಲದ ತಕ್ಕಡಿ. ಎಲೆಕ್ಟ್ರಾನಿಕ್ ಅಲ್ಲ, ದಂಡಿಗೆಯದ್ದು. ಒಂದು ಕಡೆ ಚಿಕ್ಕ ತಟ್ಟೆ, ಇನ್ನೊಂದು ಕಡೆ ಜರುಗುವ ಬಟ್ಟು. ಅಳಿಯ ಚಮಚದಲ್ಲಿ ಮದ್ದನ್ನು ಉದುರಿಸುತ್ತ, ಉಸಿರು ಬಿಗಿಹಿಡಿದು ಮುಳ್ಳು ಗೆರೆಗೆ ಬರುವುದನ್ನೇ ಕಾಯುತ್ತಿದ್ದ. ಹಿರಿಯಣ್ಣನ ಎದೆ ತುಂಬಿ ಬಂತು. ಈ ದೇಶಕ್ಕೆ ಬಂದ ಮೇಲೆ ಅವರಿಗೆ ಅರ್ಥವಾದ ಮೊದಲ ಕೆಲಸ ಇದು.

ಅಂದಿನಿಂದ ಪ್ರತಿ ಶನಿವಾರ ಬೆಳಗ್ಗೆ ಮಾವ ಅಳಿಯ ಗ್ಯಾರೇಜಿನಲ್ಲಿ. ಮಾತಿಲ್ಲ. ಲಕ್ಷ್ಮಮ್ಮ ಕಾಫಿ ತಂದರೂ ಹೊರಗೇ ನಿಂತು ಕೆಮ್ಮಬೇಕು. "ನಮ್ಮತ್ತೆ ಮಡಿನೂ ಇಷ್ಟು ಗಟ್ಟಿ ಇರ್ಲಿಲ್ಲ ಕಣೆ" ಎಂದು ಅವರು ಮಗಳ ಹತ್ತಿರ ದೂರಿದರು. ಮಡಿ ಮುಗಿದ ಮೇಲೆ ಕೈ ತೊಳೆಯುತ್ತ ಸುಧನ್ವ ಒಂದೆರಡು ಮಾತು ಆಡತೊಡಗಿದ. ಹಳೆಯ ತಕ್ಕಡಿಗಳ ಬಗ್ಗೆ ಕೇಳಿದ. ಗುಲಗಂಜಿಯಲ್ಲಿ ಚಿನ್ನ ತೂಗುತ್ತಿದ್ದ ಕಾಲವನ್ನು ಹಿರಿಯಣ್ಣ ಬಣ್ಣಿಸಿದರೆ ಕಣ್ಣರಳಿಸಿ ಕೇಳಿದ. ದಿನದ ಮೂರು ಪ್ರಶ್ನೆಗಳು ಏಳಾದವು. ಹಿರಿಯಣ್ಣ ಸ್ನಾನ ಮಾಡುವಾಗ ಗುನುಗಲು ಶುರುಮಾಡಿದರು.

ಸಿಡ್ನಿಯ ಹೊರಗೆ ವರ್ಷಕ್ಕೊಮ್ಮೆ ಹಳೆಯ ಕೋವಿಗಳ ಪಂದ್ಯ ನಡೆಯುತ್ತದೆ. ಸುಧನ್ವ ಇಡೀ ವರ್ಷ ಅದಕ್ಕಾಗಿಯೇ ತಯಾರಾಗುತ್ತಿದ್ದ. ಪಂದ್ಯಕ್ಕೆ ಎರಡು ವಾರ ಮುಂಚಿನ ಶನಿವಾರ ಐವತ್ತು ಕಾಡತೂಸು ಕಟ್ಟುವ ಕೆಲಸ. ಐವತ್ತು ಕುಳಿಗಳ ಮರದ ಹಲಗೆಯಲ್ಲಿ ಐವತ್ತು ಹಿತ್ತಾಳೆ ಕೊಳವೆಗಳು ಬಾಯಿ ತೆರೆದು ನಿಂತಿದ್ದವು. ಐವತ್ತಕ್ಕೂ ಮದ್ದು ತೂಗಿ ಹಾಕಿ ಆಗಿತ್ತು. ಗುಂಡು ಕೂರಿಸುವುದೊಂದು ಬಾಕಿ. ಅಷ್ಟರಲ್ಲಿ ಮನೆಯೊಳಗಿಂದ ಪ್ರಣತಿ ಕಿಟಾರನೆ ಕಿರುಚಿಕೊಂಡಳು. ಗಾಜಿನ ಜಾರುಬಾಗಿಲಿಗೆ ಬೆರಳು ಸಿಕ್ಕಿಕೊಂಡಿತ್ತು. ಸುಧನ್ವ ಎದ್ದು, "ಮಾವ, ಒಂದ್ನಿಮಿಷ ನೋಡ್ಕೊಳಿ" ಎಂದವನೇ ಒಳಗೆ ಓಡಿದ.

ಆ ಒಂದು ನಿಮಿಷ ಹತ್ತು ನಿಮಿಷವಾಯಿತು. ಮಗುವಿನ ಅಳು ಇಳಿದದ್ದು ಕೇಳಿ ಹಿರಿಯಣ್ಣನಿಗೆ ಸಮಾಧಾನವಾಯಿತು. ಆಮೇಲೆ ಸುಮ್ಮನೆ ಕೂರಲಾರದೆ ಬಗ್ಗಿ ಒಂದು ಕೊಳವೆಯೊಳಗೆ ಇಣುಕಿದರು. ಒಳಗೆ ಮದ್ದು ತಳದಲ್ಲೆಲ್ಲೋ ಬಿದ್ದಿತ್ತು. ಕಾಲು ಭಾಗವೂ ತುಂಬಿರಲಿಲ್ಲ. ಇನ್ನೊಂದನ್ನು ನೋಡಿದರು. ಅದೂ ಹಾಗೇ. ಐವತ್ತೂ ಹಾಗೇ.

ಹಿರಿಯಣ್ಣನಿಗೆ ಮುಖ ಬಿಸಿಯಾಯಿತು. ಇಷ್ಟು ದೊಡ್ಡ ಸೇರಿನಲ್ಲಿ ಇಷ್ಟೇ ಇಷ್ಟು ಹಾಕಿ ಗಿರಾಕಿಗೆ ಕೊಟ್ಟರೆ ಊರಲ್ಲಿ ಉಗಿಯುತ್ತಾರೆ. ಹುಡುಗ ಪಾಪ, ಉಳಿಸುವ ಬುದ್ಧಿಯವನು. ವರ್ಷಕ್ಕೊಂದು ಪಂದ್ಯ, ಅಲ್ಲೂ ಹಿಡಿತ ಮಾಡಿದರೆ ಗುಂಡು ಗುರಿ ಮುಟ್ಟುವುದು ಹೇಗೆ? ಮದ್ದಿನ ಬಟ್ಟಲು ಪಕ್ಕದಲ್ಲೇ ತೆರೆದಿತ್ತು. ಇವನಿಗೆ ತಾನು ಕೊಡದೆ ಉಳಿಸಿಕೊಂಡದ್ದೆಲ್ಲ ನೆನಪಾಯಿತು. ಮುಟ್ಟಬಾರದು ಎಂಬುದೂ ನೆನಪಾಗದೆ ಇರಲಿಲ್ಲ. ಆದರೆ ಕೈಗೆ ಅದರದೇ ಬುದ್ಧಿಯಿತ್ತು. ಮೂರು ಬೆರಳು ಬಟ್ಟಲಿಗಿಳಿದವು. ಮೊದಲ ಕೊಳವೆಗೆ ಒಂದು ಚಿಟಿಕೆ, ಎರಡನೆಯದಕ್ಕೆ ಒಂದು ಚಿಟಿಕೆ, ಹೀಗೆ ಐವತ್ತಕ್ಕೂ. ಒಂದು ಕಾಳೂ ಆಚೆ ಬೀಳಲಿಲ್ಲ.

ಸುಧನ್ವ ಬಂದಾಗ ಅವನ ಅಂಗಿಯ ಮೇಲೆ ಮಗುವಿನ ಕಣ್ಣೀರಿತ್ತು. ಹೀಗೆ ನಡುವೆ ಎದ್ದು ಹೋದರೆ ಎಲ್ಲವನ್ನೂ ಬಟ್ಟಲಿಗೆ ಸುರಿದು ಮೊದಲಿನಿಂದ ತೂಗಬೇಕು ಎಂಬುದು ಕೆವಿನ್ ಕಲಿಸಿದ ನಿಯಮ. ಅವನು ಒಂದು ಕ್ಷಣ ಹಲಗೆಯನ್ನೇ ನೋಡಿದ. ಆಮೇಲೆ ಟಾರ್ಚು ಹಿಡಿದು ಒಂದೊಂದೇ ಕೊಳವೆಯೊಳಗೆ ಇಣುಕಿದ. ಎಲ್ಲಿಯಾದರೂ ಎರಡು ಸಲ ಬಿದ್ದಿದ್ದರೆ ಅದೊಂದರ ಮಟ್ಟ ಮೇಲಿರುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ಐವತ್ತೂ ಒಂದೇ ಮಟ್ಟ. ನಲವತ್ತೊಂದು ವರ್ಷ ಪಳಗಿದ ಕೈಯ ಚಿಟಿಕೆ, ಏರುಪೇರಾಗಲು ಅದೇನು ಹೊಸ ಕೈಯೇ? ಸುಧನ್ವ ತೃಪ್ತನಾಗಿ ಗುಂಡು ಕೂರಿಸುತ್ತ ಹೋದ. ಹಿರಿಯಣ್ಣ ಮಾತಾಡಲಿಲ್ಲ. ಕೊಸರನ್ನು ಹೇಳಿ ಕೊಡುವವನು ಕೊಡಲೇ ಇಲ್ಲ ಎಂಬುದು ಅವರ ಇನ್ನೊಂದು ಉಪದೇಶ.

ಪಂದ್ಯಕ್ಕೆ ತಾನೂ ಬರುತ್ತೇನೆ ಎಂದು ಹಿರಿಯಣ್ಣ ಹೇಳಿದಾಗ ಮನೆಯವರೆಲ್ಲ ಬೆರಗಾದರು. ಒಂಬತ್ತು ಗಂಟೆಯ ದಾರಿ. ಕ್ರೇಗಿಬರ್ನ್ ದಾಟಿದರೆ ಸಿಡ್ನಿಯವರೆಗೂ ಅದೊಂದೇ ಹೆದ್ದಾರಿ. ಲಕ್ಷ್ಮಮ್ಮ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟರು. ಹಿಂದೆ ಡಿಕ್ಕಿಯಲ್ಲಿ ಕೋವಿ ಒಂದು ಪೆಟ್ಟಿಗೆಯಲ್ಲಿ, ಕಾಡತೂಸು ಇನ್ನೊಂದು ಪೆಟ್ಟಿಗೆಯಲ್ಲಿ, ಎರಡಕ್ಕೂ ಬೀಗ. ಮುಂದೆ ಮಾವ ಅಳಿಯ. ನಡುದಾರಿಯ ಗಂಡಗೈ ಎಂಬ ಊರಿನಲ್ಲಿ ನಿಲ್ಲಿಸಿ ಚಪಾತಿ ತಿಂದರು. ಗೋಲ್ಬರ್ನ್ ದಾಟುವಾಗ ಸುಧನ್ವ ತಾನಾಗಿ ಹೇಳಿದ, "ನೀವು ಬಂದಿದ್ದು ಒಳ್ಳೇದಾಯ್ತು ಮಾವ. ಒಬ್ನೇ ಡ್ರೈವ್ ಮಾಡೋಕೆ ಬೋರ್ ಆಗತ್ತೆ." ಹಿರಿಯಣ್ಣ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕರು. ಅಷ್ಟು ಸಾಕಿತ್ತು ಅವರಿಗೆ.

ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಸುಧನ್ವನ ಅಕ್ಕ ಮಹಾಶ್ವೇತಾಳ ಮನೆ. ಮ್ಯಾಕ್ವೆರಿ ಪಾರ್ಕ್‌ನ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬಾಯಿ ತುಂಬ ಮಾತು, ತಮ್ಮನಿಗೆ ಸಿಗದೆ ಹೋದ ಮಾತೆಲ್ಲ ಅವಳಿಗೇ ಸಿಕ್ಕಂತಿತ್ತು. ಮರುದಿನ ಬೆಳಗ್ಗೆ ಮೂವರೂ ಗುರಿ ಹೊಡೆಯುವ ರೇಂಜಿಗೆ ಹೋದರು.

ದೂರಕ್ಕೆ ಹುಲ್ಲಿನ ಬಯಲು, ಅದರ ಕೊನೆಯಲ್ಲಿ ಮಣ್ಣಿನ ದಿಬ್ಬ, ಈ ಕಡೆ ತಗಡಿನ ಚಪ್ಪರ. ನೆಲಕ್ಕೆ ಹಳದಿ ಗೆರೆ. ಬಿಳಿ ಹ್ಯಾಟಿನ, ಅರವತ್ತು ದಾಟಿದ ಹೆಂಗಸೊಬ್ಬಳು ಅಲ್ಲಿನ ಅಧಿಕಾರಿ. ಅವಳು ಎಲ್ಲರನ್ನೂ ನಿಲ್ಲಿಸಿಕೊಂಡು ಐದು ನಿಮಿಷ ನಿಯಮ ಓದಿದಳು. ಮಹಾಶ್ವೇತಾ ಅದನ್ನು ಹಿರಿಯಣ್ಣನಿಗೆ ಕನ್ನಡದಲ್ಲಿ ಹೇಳಿದಳು: ಗೆರೆ ದಾಟಬಾರದು, ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡಿರಬೇಕು, ಏನಾದರೂ ಅಪಾಯ ಕಂಡರೆ ಯಾರು ಬೇಕಾದರೂ ಸ್ಟಾಪ್ ಅಂತ ಕೂಗಬಹುದು, ಕೂಗಿದರೆ ಎಲ್ಲ ನಿಲ್ಲುತ್ತದೆ.

"ಯಾರ್ ಬೇಕಾದ್ರೂವಾ?" ಎಂದರು ಹಿರಿಯಣ್ಣ.

"ಯಾರ್ ಬೇಕಾದ್ರೂ ಅಂಕಲ್. ನೀವೂ ಕೂಗ್ಬೋದು. ಆದ್ರೆ ಸುಮ್ಸುಮ್ನೆ ಕೂಗಿದ್ರೆ ನನ್ ತಮ್ಮ ನಮ್ಮಿಬ್ರನ್ನೂ ಬಸ್ ಹತ್ತಿಸ್ತಾನೆ."

ಪಂದ್ಯ ಶುರುವಾಯಿತು. ಮೊದಲ ಸಾಲಿನವರು ಹಾರಿಸಿದಾಗ ಹಿರಿಯಣ್ಣ ಬೆಚ್ಚಿಬಿದ್ದರು. ಆಮೇಲೆ ಗಮನಿಸಿದರೆ, ನಿರೀಕ್ಷಿಸಿದ ಸಿಡಿಲಿನ ಸದ್ದಿಲ್ಲ. ಯಾರೋ ಗೋಣಿಚೀಲ ಕೆಳಗೆ ಹಾಕಿದ ಹಾಗೆ ಧಬ್ ಎನ್ನುತ್ತಿತ್ತು, ಅಷ್ಟೆ.

"ಸದ್ದೇ ಇಲ್ವಲ್ಲಮ್ಮ" ಎಂದರು.

ಮಹಾಶ್ವೇತಾ ಅವರ ಮಫನ್ನು ಒಂದು ಬದಿ ಸರಿಸಿ ಹೇಳಿದಳು. "ಅದೇ ಈ ಮ್ಯಾಚ್ ಸ್ಪೆಷಲ್ಲು ಅಂಕಲ್. ಗುಂಡು ಸೌಂಡ್‌ಗಿಂತ ಸ್ಲೋ ಹೋಗ್ಬೇಕು. ಸೌಂಡ್ ದಾಟಿದ್ರೆ ಚಾಟಿ ಥರ ಚಟ್ ಅನ್ನತ್ತೆ, ಪಾಯಿಂಟ್ ಕಟ್. ಅದಕ್ಕೇ ಅಷ್ಟು ದೊಡ್ಡ ಹಿತ್ತಾಳೆ ಕೇಸಲ್ಲಿ ತಳದಲ್ಲಿ ಇಷ್ಟೇ ಇಷ್ಟು ಪೌಡರ್ ಹಾಕೋದು. ಅದೂ ಬೇಗ ಉರಿಯೋ ಜಾತಿದಂತೆ. ಹೆಚ್ಚಾದ್ರೆ ಜಾಗ ಇದೆ ಅಂತ ಕೇಸು ಸುಮ್ನೆ ಹಿಡಿಸ್ಕೊಂಡ್‌ಬಿಡತ್ತೆ, ತುಂಬಿ ಚೆಲ್ಲಲ್ಲ, ಗೊತ್ತೇ ಆಗಲ್ಲ. ಆದ್ರೆ ಆ ಕೋವಿ ಕಬ್ಬಿಣ ನೂರಿಪ್ಪತ್ತು ವರ್ಷದ್ದು. ತಡ್ಕೊಳ್ದೆ ಸೀಳಿದ್ರೆ ಕೆನ್ನೆ ಪಕ್ಕದಲ್ಲೇ ಸೀಳೋದು. ಅದಕ್ಕೇ ಇವ್ನು ಒಂದು ಕಾಳೂ ಹೆಚ್ಚಾಗ್ಬಾರ್ದು ಅಂತ ಸಾಯೋದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಹಿರಿಯಣ್ಣ ತಮ್ಮ ಬಲಗೈಯ ಮೂರು ಬೆರಳುಗಳನ್ನು ನೋಡಿಕೊಂಡರು. ತಲೆಯೆತ್ತಿದರೆ ಎರಡನೇ ಸಾಲಿನವರು ಹಳದಿ ಗೆರೆಯ ಆಚೆ ಕೂತಾಗಿತ್ತು. ನಾಲ್ಕನೆಯವನು ಸುಧನ್ವ. ಕೋವಿಯ ಬಾಯಿ ತೆರೆದು ದಪ್ಪ ಹಿತ್ತಾಳೆಯ ಕಾಡತೂಸನ್ನು ಒಳಗೆ ತಳ್ಳುತ್ತಿದ್ದ. ತಳ್ಳಿ, ಮುಚ್ಚಿ, ಕೆನ್ನೆಯನ್ನು ಮರಕ್ಕೆ ತಾಗಿಸಿದ.

ಒಂದು ಕ್ಷಣ ಇನ್ನೇನೋ ಲೆಕ್ಕವೂ ಅವರ ತಲೆಯಲ್ಲಿ ಹಾದುಹೋಯಿತು, ಸುಳ್ಳೇಕೆ ಹೇಳಬೇಕು. ಒಂದೊಂದೇ ಚಿಟಿಕೆ ತಾನೇ, ಏನೂ ಆಗಲಿಕ್ಕಿಲ್ಲ. ಈಗ ಕೂಗಿದರೆ ಇವನ ಒಂದು ವರ್ಷ ಮಣ್ಣು. ಗ್ಯಾರೇಜಿನ ಬಾಗಿಲೂ ಮುಚ್ಚಿದಂತೆ, ಗೋಲ್ಬರ್ನ್‌ನಲ್ಲಿ ಸಿಕ್ಕ ಮಾತೂ ಹೋದಂತೆ. ಆರು ವರ್ಷದ ಹಿಂದೆಯೂ ಹೀಗೇ ಒಂದು ಬೆಳಗ್ಗೆ ಏನೂ ಆಗಲಿಕ್ಕಿಲ್ಲ ಎಂದುಕೊಂಡು ಎದ್ದು ಹೋಗದೆ ಕೂತಿದ್ದರು.

ಹಿರಿಯಣ್ಣ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕೂಗಿದರು. ಕೊಬ್ಬರಿ ಹರಾಜಿನ ಗದ್ದಲದಲ್ಲಿ ಆಳುಗಳನ್ನು ಕರೆದು ಪಳಗಿದ ಗಂಟಲು. "ಸ್ಟಾಪ್. ಸ್ಟಾಪ್. ಸುಧನ್ವ, ಹೊಡೀಬ್ಯಾಡಿ. ಸ್ಟಾಪ್."

ಬಿಳಿ ಹ್ಯಾಟಿನವಳು ಅದೇ ಮಾತನ್ನು ಮೈಕಿನಲ್ಲಿ ಹೇಳಿದಳು. ಸಾಲಿನಲ್ಲಿದ್ದ ಎಂಟೂ ಜನ ಬೆರಳು ತೆಗೆದು, ಕೋವಿಯ ಬಾಯಿ ತೆರೆದು, ಕೆಳಗಿಟ್ಟು, ಗೆರೆಯ ಈಚೆ ಬಂದರು. ಮೂವತ್ತು ಜನ ಬಿಳಿಯರು ಪಂಚೆಯ ಮೇಲೆ ಸ್ವೆಟರ್ ತೊಟ್ಟ ಮುದುಕನ ಕಡೆ ತಿರುಗಿ ನೋಡಿದರು. ಸುಧನ್ವ ಹತ್ತಿರ ಬಂದ.

"ಏನಾಯ್ತು ಮಾವ? ಎದೆ ನೋವಾ?"

"ಆವತ್ತು ಮಗೀನ್ ಬೆರಳು ಸಿಕ್ಕಾಕ್ಕೊಂಡಾಗ ನೀವು ಒಳಿಕ್ಕೋದ್ರಲ್ಲ. ಆಗ ನಾನು ಒಂದೊಂದು ಚಿಟಿಕೆ ಹಾಕ್ಬುಟ್ಟೆ" ಎಂದರು ಹಿರಿಯಣ್ಣ. "ಮದ್ದು. ಐವತ್ತುಕ್ಕೂ. ಕಮ್ಮಿ ಐತೆ ಅಂದ್ಕಂಡೆ."

ಸುಧನ್ವನ ಮುಖದಲ್ಲಿ ರಕ್ತ ಇಳಿದದ್ದು ಕಣ್ಣಿಗೆ ಕಂಡಿತು. ಅವನು ತಿರುಗಿ ಅಧಿಕಾರಿಯ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ತಗ್ಗಿದ ದನಿಯಲ್ಲಿ ಹೇಳತೊಡಗಿದ. ಹಿರಿಯಣ್ಣ ಮಹಾಶ್ವೇತಾಳ ಕೈ ಹಿಡಿದುಕೊಂಡು, "ಏನಂತಾವ್ರಮ್ಮ?" ಎಂದರು.

"ತಪ್ಪು ನಂದೇ ಅಂತಿದಾನೆ. ಮದ್ದನ್ನ ತೆರೆದಿಟ್ಟು ಎದ್ದು ಹೋದವ್ನು ನಾನು, ವಾಪಸ್ ಬಂದು ತಿರುಗಾ ತೂಗ್ದೆ ಇದ್ದವ್ನೂ ನಾನು ಅಂತ. ನಿಮ್ ಹೆಸ್ರು ಎತ್ತಿಲ್ಲ ಅಂಕಲ್. ಎತ್ತಬೇಡ ಅಂತ ನಾನೂ ಕಣ್ಸನ್ನೆ ಮಾಡ್ದೆ."

ಅದನ್ನು ಹಿರಿಯಣ್ಣನಿಂದ ತಡೆದುಕೊಳ್ಳಲಾಗಲಿಲ್ಲ. ಇನ್ನೊಂದು ಸಲ ಈ ಹುಡುಗನಿಗೆ ತನ್ನಿಂದ ಮೋಸವಾಗಬಾರದು. ಅಳಿಯನನ್ನು ಪಕ್ಕಕ್ಕೆ ಸರಿಸಿ, ಬಿಳಿ ಹ್ಯಾಟಿನವಳ ಮುಂದೆ ನಿಂತು ಮೂರು ಬೆರಳು ಒಡ್ಡಿದರು. "ನೋ ಮೇಡಂ. ಹಿ ನೋ. ಮೈ ಹ್ಯಾಂಡ್. ಮೈ ಮಿಸ್ಟೇಕ್." ಅವರ ಇಂಗ್ಲಿಷಿನ ದಾಸ್ತಾನು ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಕೈ ಮುಗಿದು ಹೇಳಿದರು.

ಅವಳು ಇಬ್ಬರನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಕ್ಲಬ್ಬಿನ ಮೇಜಿಗೆ ಕರೆದುಕೊಂಡು ಹೋದಳು. ಕಾಡತೂಸನ್ನು ಬಿಚ್ಚುವ ಉಪಕರಣ ನೋಡಲು ಸುತ್ತಿಗೆಯೇ. ಅದರ ತಲೆಯೊಳಗೆ ಸಿಕ್ಕಿಸಿ ನೆಲಕ್ಕೆ ಎರಡೇಟು ಕುಟ್ಟಿದರೆ ಗುಂಡು ಕಳಚಿಕೊಳ್ಳುತ್ತದೆ. ಮೊದಲನೆಯದರ ಮದ್ದನ್ನು ತಟ್ಟೆಗೆ ಸುರಿದು ತೂಗಿದಳು. ಮುಳ್ಳು ಗೆರೆ ದಾಟಿ ಮೇಲೆ ಹೋಗಿ ನಿಂತಿತು. ಎರಡನೆಯದನ್ನು ಬಿಚ್ಚಿದಳು. ಮುಳ್ಳು ಅಲ್ಲೇ ನಿಂತಿತು. ಮೂರನೆಯದು, ನಾಲ್ಕನೆಯದು, ಐದನೆಯದು, ಎಲ್ಲವೂ ಅಲ್ಲಲ್ಲೇ. ಅವಳು ಕನ್ನಡಕ ತೆಗೆದು, ಇದನ್ನು ಹಾಕಿದ್ದು ಯಾವ ಯಂತ್ರ ಎಂದು ಕೇಳಿದಳು. ಸುಧನ್ವ ಮಾವನ ಕೈಯ ಕಡೆ ನೋಡಿದ.

ಸಿಡಿಯುತ್ತಿತ್ತೇ ಎಂದು ಮಹಾಶ್ವೇತಾ ಕೇಳಿದಾಗ ಆ ಹೆಂಗಸು ಹೇಳಿದ್ದು ಇಷ್ಟು: "ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಯಾರ ಕೆನ್ನೆಯ ಪಕ್ಕದಲ್ಲೂ ಬಿಡುವುದಿಲ್ಲ." ಸುಧನ್ವನ ಹೆಸರಿನ ಮೇಲೆ ಗೆರೆ ಎಳೆದಳು. ಈ ವರ್ಷ ಪಂದ್ಯವಿಲ್ಲ. ಅವನು ಆದದ್ದನ್ನೆಲ್ಲ ಬರೆದು ತನ್ನ ಕ್ಲಬ್ಬಿಗೆ ಕೊಡಬೇಕು, ಅವರು ಏನು ಹೇಳುತ್ತಾರೋ ಹಾಗೆ. ಐವತ್ತನ್ನೂ ಇಲ್ಲೇ ಬಿಚ್ಚಿ ಹೋಗಬೇಕು. ಸಾಲಿನ ಕಡೆ ಹಿಂದಿರುಗುವಾಗ ಅವಳು ಹಿರಿಯಣ್ಣನ ಹೆಗಲ ಮೇಲೆ ಕೈಯಿಟ್ಟು, "ಕೂಗಿದ್ದು ಒಳ್ಳೆಯದಾಯಿತು" ಎಂದಳು. ಆ ಮಾತನ್ನು ಯಾರೂ ಕನ್ನಡಕ್ಕೆ ತಿರುಗಿಸಬೇಕಾಗಲಿಲ್ಲ.

ಉಳಿದ ನಲವತ್ತೈದನ್ನು ಬಿಚ್ಚಲು ಮಧ್ಯಾಹ್ನವಾಯಿತು. ಸುಧನ್ವ ಒಂದೊಂದಾಗಿ ನೆಲಕ್ಕೆ ಕುಟ್ಟುತ್ತಿದ್ದ. ಪ್ರತಿ ಏಟೂ ತನ್ನ ಬೆನ್ನಿಗೆ ಬಿದ್ದಂತೆ ಹಿರಿಯಣ್ಣ ಕೂತಿದ್ದರು. ಅತ್ತ ಪಂದ್ಯ ನಡೆದೇ ಇತ್ತು, ಗೋಣಿಚೀಲಗಳು ಬೀಳುತ್ತಲೇ ಇದ್ದವು.

ಕೆಲಸ ಮುಗಿದು ಕಾರಿಗೆ ಬಂದು ಕೂತರು. ಮಹಾಶ್ವೇತಾ ಎಲ್ಲರಿಗೂ ಕಾಫಿ ತರುತ್ತೇನೆಂದು ಹೋದಳು. ಹೋದವಳು ಬೇಗ ಬರಲಿಲ್ಲ, ಅವಳೇನು ದಡ್ಡಿಯಲ್ಲ. ಸುಧನ್ವ ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಿದ್ದ.

"ಬೈದ್ಬುಡಿ ಅಳಿಯಂದ್ರೆ" ಎಂದರು ಹಿರಿಯಣ್ಣ. "ಸುಮ್ಕಿರ್ಬ್ಯಾಡಿ. ಸುಮ್ಕಿರದು ಎಂಥ ಕೆಟ್ಟದ್ದು ಅಂತ ನಂಗೊತ್ತು."

ಅವನು ಮಾವನ ಕಡೆ ತಿರುಗಿ ಕೇಳಿದ. "ಯಾಕ್ ಹಾಕಿದ್ರಿ ಮಾವ? ಮುಟ್ಬೇಡಿ ಅಂತ ಹೇಳಿದ್ನಲ್ಲ."

"ಕೊಸರು" ಎಂದರು ಹಿರಿಯಣ್ಣ. ಅದು ಉತ್ತರವಾಗಲಿಲ್ಲ ಎಂದು ಅವರಿಗೇ ಅನ್ನಿಸಿತು. "ಊರೋರ್ಗೆಲ್ಲ ಕೊಟ್ಟೋನು ನಿಮ್ಗೆ ಕಮ್ಮಿ ಮಾಡಿದ್ದೆ. ಅದುನ್ನ ಹಿಂಗಾದ್ರೂ ತುಂಬ್ಸನ ಅಂತ. ಬಾಯಲ್ಲಿ ಹೇಳಕ್ಕೆ ಆಗ್ಲಿಲ್ಲ, ಕೈಲಿ ಹೇಳಕ್ಕೋದೆ. ನಿಮ್ಮ ಜೀವಕ್ಕೇ ತಂದಿಟ್ಟಿದ್ನಲ್ಲಪ್ಪ."

ಸುಧನ್ವ ಸ್ಟಿಯರಿಂಗ್‌ನಿಂದ ಕೈ ತೆಗೆದ. "ನಂಗೆ ಕೋಪ ಇತ್ತು ಮಾವ. ಇವತ್ತಿಂದಲ್ಲ, ಆವತ್ತಿಂದು. ಈಗ್ಲೂ ಇದೆ ಸ್ವಲ್ಪ. ಸುಳ್ಳು ಯಾಕ್ ಹೇಳ್ಲಿ. ಆದ್ರೆ ಅದು ಚಿಟಿಕೆ ಹಾಕಿ ತುಂಬೋದಲ್ಲ. ಹೇಳ್ಬಿಟ್ರೆ ಆಯ್ತು."

ಎಪ್ಪತ್ತು ವರ್ಷದ ಹಿರಿಯಣ್ಣ ಎರಡು ಸಲ ಗಂಟಲು ಸರಿಮಾಡಿಕೊಂಡರು.

"ತಪ್ಪಾಯ್ತು."

"ಯಾವ್ದಕ್ಕೆ ಮಾವ?"

"ಮದ್ದಿಂದು ಬೆಳಿಗ್ಗೆನೇ ಎಲ್ರ ಮುಂದೂ ಹೇಳಿದ್ನಲ್ಲ. ಇದು ಮದ್ವೆಗೆ ಬರ್ದೆ ಇದ್ದುದ್ದಕ್ಕೆ. ನಾನು ಬರ್ಬೇಕಿತ್ತು. ಬಾಗ್ಲು ತೆಗ್ದು ಕಡ್ಲೆ ತೂಗ್ತಾ ಕುಂತಿದ್ನಲ್ಲ, ನನ್ನಂಥ ಮೂರ್ಖ ಯಾವನಿದ್ದಾನು."

ಹೇಳಿದ ಮೇಲೆ ಅವರಿಗೆ ತಲೆಯೆತ್ತಲಾಗಲಿಲ್ಲ. ಅಳಿಯನ ಕೈ ಬಂದು ಅವರ ಮೊಣಕಾಲಿನ ಮೇಲೆ ಕೂತಿತು, ಕೂತೇ ಇತ್ತು. ಆಮೇಲೆ ಅವನು ಫೋನು ತೆಗೆದು ಕ್ರೇಗಿಬರ್ನ್‌ಗೆ ಹಚ್ಚಿ, ಸ್ಪೀಕರ್ ಒತ್ತಿ, ಮಾವನ ಕೈಗೆ ಕೊಟ್ಟ.

"ಅವ್ಳಿಗೂ ಹೇಳಿ" ಎಂದ.

"ಏನು, ಗೆದ್ರಾ?" ಎಂದಳು ಗಾನವಿ. ಹಿಂದೆ ಪ್ರಣತಿಯ ಗಲಾಟೆ, ಲಕ್ಷ್ಮಮ್ಮನ ಒಗ್ಗರಣೆಯ ಸದ್ದು ಕೇಳುತ್ತಿತ್ತು.

ಹಿರಿಯಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಗಾನವಿ, ಆವತ್ತು ನಾನು ಹಾಸನಕ್ಕೆ ಬರ್ಬೇಕಿತ್ತು ಕಣವ್ವ. ತಪ್ಪಾಯ್ತು."

ಆ ಕಡೆ ಒಗ್ಗರಣೆಯ ಸದ್ದು ದೂರವಾಯಿತು. ಅವಳು ಅಡುಗೆಮನೆಯಿಂದ ಹೊರಗೆ ನಡೆದಿರಬೇಕು. ಅಲ್ಲಿಂದ ಅವಳ ದನಿ ಬಂತು, ಚಿಕ್ಕ ಹುಡುಗಿಯ ದನಿ.

"ನಮ್ ಟೈಮ್ ಹತ್ತೂವರೆಗಿತ್ತಪ್ಪ. ಹಿಂದಿನೋರೆಲ್ಲ ಸೈನ್ ಹಾಕಿ ಮುಂದೆ ಹೋಗ್ಲಿ ಅಂತ ಬಿಟ್ಟು, ಒಂದು ಗಂಟೆವರ್ಗೂ ಕಾದ್ವಿ. ಆಫೀಸ್ ಎದುರಿನ ಸ್ಟಾಪಲ್ಲಿ ಅಮ್ಮ ಬಸ್ ಇಳಿದಾಗ ಹಿಂದೆ ನೀವೂ ಇಳೀತೀರಿ ಅಂತ ನೋಡ್ದೆ. ಆಮೇಲೆ ಬಂದ ಎಲ್ಲಾ ಬಸ್ಸೂ ನೋಡ್ದೆ."

ಹಿರಿಯಣ್ಣನಿಗೆ ಇದು ಗೊತ್ತಿರಲಿಲ್ಲ. ಆರು ವರ್ಷ ಅವರು ಕೇಳಿರಲಿಲ್ಲ. ಆ ದಿನ ಹತ್ತೂವರೆಗೂ ಬಸ್ಸಿತ್ತು, ಹನ್ನೊಂದೂವರೆಗೂ ಬಸ್ಸಿತ್ತು, ಎರಡೂ ಅವರ ಅಂಗಡಿಯ ಮುಂದೆಯೇ ಹಾದು ಹೋಗಿದ್ದವು. ಅವರು ಫೋನಿಗೆ ಹಣೆ ಹಚ್ಚಿಕೊಂಡು ಅತ್ತರು. ಸುಧನ್ವ ಕಾರಿನ ಕಿಟಕಿ ಏರಿಸಿ, ಅವರು ಅತ್ತು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದ.